ಬೆಳೆ ಹಬ್ಬಕ್ಕೆ ಒಂದು ಕಲ್ಲು

ಅಪ್ಪಾ,

ನೆಲ ಕೊರೆಯುವ ಬೋರಿಂಗ್ ಮಶೀನಿನ ಬಿಟ್ ಇವತ್ತೇ ತುಂಡಾಯ್ತು, ಖಾರಘರ ಸ್ಟೇಶನ್ನಲ್ಲಿ ರಶ್ಶಿಗೆ ಎರಡು ಲೋಕಲ್ ಟ್ರೈನ್ ಬಿಡ್ಬೇಕಾಯ್ತು. ಸಂಜೆ ನಿಮ್ಮ ಹತ್ರ ಹಾಗೆ ಮಾತಾಡಿದ್ದಕ್ಕೆ ಇದೆಲ್ಲ ನೆಪ ಅಂತ ನನಗೂ ಗೊತ್ತುಂಟು. ಫೋನ್ ಮಾಡ್ಲಿಕ್ಕೆ ಮುಖ ಇಲ್ಲ, ಅದಕ್ಕೆ ವಾಯ್ಸ್ ನೋಟ್ ಕಳಿಸ್ತಿದ್ದೇನೆ.

ಬೆಳೆ ಹಬ್ಬಕ್ಕೆ ಎಲ್ಲರೂ ದುಡಿಮೆಯ ಮೊದಲ ಫಲ ಚರ್ಚಿಗೆ ತರ್ತಾರೆ, ನೀನು ನೆಲ ಕೊರೆದು ತೆಗೆದ ಕಲ್ಲಿನ ತುಂಡು ಕಳಿಸು ಅಂತ ನೀವು ಸಂಜೆ ಪ್ರೀತಿಯಲ್ಲೇ ಕೇಳಿದ್ದು. ನಾನು ರೂಮಿನವರ ಎದುರು ಸ್ಪೀಕರ್ ಹಾಕಿ, "ಆ ಕಲ್ಲಿಗೆ ಆರೂವರೆ ಕೋಟಿ ವರ್ಷ ಅಪ್ಪಾ, ನಿಮ್ಮ ಆರು ದಿನದ ಸೃಷ್ಟಿಯಲ್ಲಿ ಅದನ್ನು ಎಲ್ಲಿ ಇಡ್ತೀರಿ?" ಅಂದೆ. ಜಯೇಶ್ ಜೋರಾಗಿ ನಕ್ಕ. ನಾನೂ ನಕ್ಕೆ.

ನೀವು, "ಒಂದು ಕಲ್ಲಿಗೆ ದೇವರು ಅಷ್ಟು ವರ್ಷ ಕೂತಿದ್ದಾನಾ? ಹಾಗಾದ್ರೆ ಆಲ್ಟರಿನ ಮೇಲೆಯೇ ಇಡುವ ಮಗಾ," ಅಂದ್ರಿ. ನಾನು ಫೋನ್ ಕಟ್ ಮಾಡಿದೆ.

ಕಲ್ಲನ್ನು ತೊಳೆದಿಟ್ಟಿದ್ದೇನೆ. ಶುಕ್ರವಾರ ಜಯೇಶನೇ ನಮ್ಮೂರಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಕಳಿಸ್ತೇನೆ. ಅದರ ಮೇಲೆ ವಯಸ್ಸು ಬರೆಯುವುದಾ ಬೇಡವಾ, ನೀವೇ ಹೇಳಿ.

ನಾಳೆ ರಾತ್ರಿ ಎಂಟಕ್ಕೆ ಎಲ್ಲರೂ ರೂಮಲ್ಲಿರ್ತಾರೆ. ಅವರ ಎದುರೇ ನಿಮ್ಮ ಹತ್ರ ಕ್ಷಮೆ ಕೇಳ್ಬೇಕು. ಸ್ಪೀಕರ್ ಹಾಕಿಡ್ತೇನೆ, ಎಂಟಕ್ಕೆ ಫೋನ್ ಮಾಡಿ.

ನಿಮ್ಮ ಜೋಯೆಲ್