ಹದಿನೆಂಟು ದೇಶದವರು ಕುರ್ಚಿ ಹಾಕಿದೆವು

ದೊಡ್ಡಪ್ಪನಿಗೆ ಪುಟ್ಟಿಯ ನಮಸ್ಕಾರ.

ಸುಖವಾಗಿ ತಲುಪಿದೆ. ಇಲ್ಲಿನ ಸಮಾವೇಶಕ್ಕೆ ಹದಿನೆಂಟು ದೇಶಗಳಿಂದ ಸಾಹಿತ್ಯೋತ್ಸವ ನಡೆಸುವವರು ಬಂದಿದ್ದಾರೆ. ಎಲ್ಲರೂ ದೊಡ್ಡ ಕುಳಗಳೆಂದು ಹೆದರಿದ್ದೆ. ಬೆಳಿಗ್ಗೆ ಹೋಗಿ ನೋಡಿದರೆ ಸಭಾಂಗಣದಲ್ಲಿ ಕುರ್ಚಿಗಳನ್ನೇ ಹಾಕಿರಲಿಲ್ಲ! ಯಾರೂ ಯಾರನ್ನೂ ಕೇಳಲಿಲ್ಲ. ಎಲ್ಲರೂ ತೋಳೇರಿಸಿ ಕುರ್ಚಿ ಎಳೆಯತೊಡಗಿದೆವು. ಭಾಷೆ ಬೇರೆಬೇರೆ, ಕೈ ಮಾತ್ರ ಎಲ್ಲರದೂ ಪಳಗಿದ್ದು. ಹತ್ತೇ ನಿಮಿಷದಲ್ಲಿ ಸಾಲುಗಳು ಸಿದ್ಧ!

ನನ್ನ ಜೊತೆ ಕುರ್ಚಿ ಹೊತ್ತ ಬಿಳಿಕೂದಲಿನ ಹೆಂಗಸು ಹರುಕುಮುರುಕು ಇಂಗ್ಲಿಷಿನಲ್ಲಿ, "ನಿಮ್ಮ ಉತ್ಸವಕ್ಕೆ ಎಷ್ಟು ಜನ ಬರ್ತಾರೆ?" ಎಂದರು.

ನಾಚಿಕೊಂಡೇ, "ಮುನ್ನೂರು" ಎಂದೆ.

"ಅಯ್ಯೋ, ನಮಗೆ ಇನ್ನೂರು ಬಂದ್ರೇ ಹೆಚ್ಚು!" ಎಂದು ನಕ್ಕುಬಿಟ್ಟರು.

ಹೊರಗಿನ ಕವಿಗಳು ಯಾರೂ ಬರುವುದಿಲ್ಲ, ಇನ್ನು ಉತ್ಸವ ಸಾಕು ಎಂದು ನೀವು ಬೇಸರಪಟ್ಟಿದ್ದನ್ನೂ ಅವರಿಗೆ ಹೇಳಿದೆ. ಮಧ್ಯಾಹ್ನದ ಊಟದ ಹೊತ್ತಿಗೆ ಒಪ್ಪಂದವೇ ಆಗಿಹೋಯಿತು. ಅವರ ಇಬ್ಬರು ಕವಿಗಳು ನಮ್ಮಲ್ಲಿಗೆ ಬರುತ್ತಾರೆ, ನಮ್ಮವರಿಬ್ಬರು ಅಲ್ಲಿಗೆ ಹೋಗುತ್ತಾರೆ!

ಸ್ವಲ್ಪ ನೆಗಡಿ ಬಿಟ್ಟರೆ ಆರೋಗ್ಯವಾಗಿದ್ದೇನೆ. ದೊಡ್ಡಮ್ಮನ ಸ್ವೆಟರ್ ಮೈಮೇಲೇ ಇದೆ. ಕಾರ್ಡಿನಲ್ಲಿ ಜಾಗ ಮುಗಿಯುತ್ತಿದೆ, ಮುಖ್ಯ ವಿಷಯ ಹೇಳಿಬಿಡುತ್ತೇನೆ. ಇಷ್ಟು ವರ್ಷ ನಿಮ್ಮ ಕವಿತೆಗಳನ್ನು ಬದಿಗಿಟ್ಟು ಬೇರೆಯವರಿಗೇ ಮೈಕು ಕೊಟ್ಟಿರಿ. ಹೋಗುವ ಕವಿಗಳಲ್ಲಿ ಮೊದಲನೆಯದಾಗಿ ನಿಮ್ಮ ಹೆಸರನ್ನೇ ಬರೆದುಕೊಟ್ಟಿದ್ದೇನೆ. ಬೈಯಬೇಡಿ, ನಾಳೆಯೇ ಹೋಗಿ ಪಾಸ್‌ಪೋರ್ಟಿಗೆ ಫೋಟೋ ತೆಗೆಸಿ.