ನೀಲಿ ಪೀಪಾಯಿಯ ಮೇಲಿನ ಕೈಬರಹ

ಎತ್ತುವಳಿಯ ನಲವತ್ತೊಂದನೆಯ ವರ್ಷ, ಎರಡನೆಯ ಚೈತ್ರದ ಮೂವತ್ತೆರಡನೆಯ ದಿನ
ಕಲಬುರಗಿ

ನೀಲಿ ಪೀಪಾಯಿಗೆ ಚೀಟಿ ಅಂಟಿಸಿದ ಚಾಲಕರಿಗೆ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ಬೇಸಿಗೆ ಉದ್ದವಾದ ಮೇಲೆ ನಮ್ಮವರು ಚೈತ್ರವನ್ನು ಎರಡು ಮಾಡಿಕೊಂಡರು. ನಿಮಗಿಂತ ನಾನು ಸುಮಾರು ನೂರ ನಲವತ್ತು ವರ್ಷ ಮುಂದಿದ್ದೇನೆ. ಓದಿದ್ದು ಏಳನೆಯ ತರಗತಿ. ದಿನಚರಿ ಬಿಟ್ಟು ಬೇರೇನೂ ಬರೆದು ರೂಢಿಯಿಲ್ಲ. ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಚೀಟಿಯ ಕೆಳಗೆ 'ಚಾಲಕ' ಎಂದು ಬರೆದು ಸಹಿ ಮಾಡಿದ್ದೀರಿ. ಸಹಿ ಓದಲು ಬರುವುದಿಲ್ಲ, ಅಕ್ಷರ ಮಾತ್ರ ದುಂಡಗಿದೆ.

ನಾನು ಮತ್ತು ನನ್ನ ಗಂಡ ಅಂಬಾರಾಯರು ನಿಮ್ಮಂತೆಯೇ ಹೊರೆ ಸಾಗಿಸುವ ಕೆಲಸದವರು. ನಿಮ್ಮ ಕಾಲದ ಕಾರ್ಖಾನೆಗಳು ಬಯಲಿನಲ್ಲಿ ಬಿಟ್ಟುಹೋದ ವಿಷಗಳನ್ನು ನಾವು 'ಹಿರಿಯರ ಪಾಲು' ಎನ್ನುತ್ತೇವೆ. ಅವನ್ನು ಎತ್ತಿ, ಬರಿದಾದ ಗಣಿಯ ತಳದಲ್ಲಿ ಕಟ್ಟಿರುವ ಆಳಮನೆಗೆ ಒಯ್ದು ಇಳಿಸುವುದು ನಮ್ಮ ಕೆಲಸ. ಈ ಎತ್ತುವಳಿ ಶುರುವಾದಲ್ಲಿಂದಲೇ ನಾವು ವರ್ಷ ಎಣಿಸುತ್ತೇವೆ. ನಮ್ಮ ಲಾರಿಗೆ 'ನಿಧಾನಿ' ಎಂದು ಹೆಸರು, ಅದು ಎತ್ತಿನ ಗಾಡಿಗಿಂತ ತುಸು ಬೇಗ ಹೋಗುತ್ತದೆ. ಇಬ್ಬರಿಲ್ಲದೆ ಅದನ್ನು ಹೊರಡಿಸುವಂತಿಲ್ಲ. ಹೊರೆಯ ದಿನ ನಾನು ತಾಳಿ, ಬಳೆ ತೆಗೆದು ಮನೆಯಲ್ಲೇ ಇಡುತ್ತಿದ್ದೆ, ಏಕೆಂದರೆ ಲೋಹ ತಾಗಿ ಕಿಡಿ ಹಾರಬಾರದು. ಕ್ಯಾಬಿನ್ನಿನಲ್ಲಿ ಊಟವಿಲ್ಲ, ಎಲೆಯಡಿಕೆಯಿಲ್ಲ. ಎರಡು ತಾಸಿಗೊಮ್ಮೆ ಗಾಡಿ ನಿಲ್ಲಿಸಿ, ಟೈರು ಬಿಸಿಯಾಗಿದೆಯೇ ಎಂದು ಅಂಗೈ ಇಟ್ಟು ನೋಡಬೇಕು. ಬಾವಿಯ ಮೇಲ್ಗಡೆ ಎಂದೂ ನಿಲ್ಲಿಸಬಾರದು. ಕಿಟಕಿಗೆ ಕಟ್ಟಿದ ಹಳದಿ ಬಟ್ಟೆಯ ಚೂರು ಗಾಳಿ ಎತ್ತ ಬೀಸುತ್ತಿದೆ ಎಂದು ತೋರಿಸುತ್ತದೆ; ದಾರಿಯುದ್ದಕ್ಕೂ ಒಬ್ಬರ ಕಣ್ಣು ಅದರ ಮೇಲಿರಬೇಕು.

ಎಲ್ಲಕ್ಕಿಂತ ಮೊದಲು 'ಕೂಗು'. ಪೀಪಾಯಿ ಏರಿಸುವ ಮುಂಚೆ ಒಬ್ಬರು ಚೀಟಿಯನ್ನು ಗಟ್ಟಿಯಾಗಿ ಓದುತ್ತಾರೆ, ಇನ್ನೊಬ್ಬರು ಅದನ್ನೇ ತಿರುಗಿ ಹೇಳುತ್ತಾರೆ, ಆಮೇಲೆ ಯಾವುದರ ಪಕ್ಕ ಯಾವುದು ಎಂದು ಇಡುತ್ತಾರೆ. ಚೀಟಿ ಇಲ್ಲದ್ದನ್ನು ಬಿಚ್ಚಿ ಪರೀಕ್ಷಿಸಬೇಕು, ಚೀಟಿ ಇದ್ದದ್ದನ್ನು ನಂಬಬೇಕು. ಹಳೆಯ ಪೀಪಾಯಿಗಳನ್ನು ಬಿಚ್ಚುವಾಗಲೇ ಬಹಳ ಜನ ಸತ್ತಿದ್ದರಿಂದ ಈ ನಿಯಮ ಬಂತು.

ಹೋದ ಮಾಘದಲ್ಲಿ ಬೀದರ್ ಕಡೆಯ ಒಂದು ಬಯಲಿನಲ್ಲಿ ನಾವು ಸೈನೈಡ್ ನೀರಿನ ಪೀಪಾಯಿಗಳನ್ನು ಏರಿಸಿದೆವು. ಕೊನೆಗೆ ನಿಮ್ಮ ನೀಲಿ ಪೀಪಾಯಿ ಬಂತು. ನಾನು ಕೂಗಿದೆ: ಕಾಸ್ಟಿಕ್ ಸೋಡಾ ದ್ರಾವಣ. ಅದನ್ನು ಸೈನೈಡಿನ ಪಕ್ಕ ಇಡಬಹುದು. ಆ್ಯಸಿಡ್ ಮಾತ್ರ ಎಂದಿಗೂ ಇಡಬಾರದು, ಎರಡೂ ಸೇರಿದರೆ ಏಳುವ ಗಾಳಿಯಲ್ಲಿ ಉಸಿರಾಡಿದವರು ಉಳಿಯುವುದಿಲ್ಲ. ಇದು ನಿಮಗೂ ಗೊತ್ತಿರುತ್ತದೆ. ಅಂಬಾರಾಯರು ತಿರುಗಿ ಹೇಳದೆ ಚೀಟಿಯ ಅಂಚನ್ನು ಉಗುರಿನಿಂದ ಕೆರೆಯುತ್ತ ನಿಂತರು.

"ಜಗದೇವಿ, ಅಂಟು ಎರಡ್ ಸಲ ಬಿದ್ದಂಗದ. ಬಿಚ್ಚಿ ನೋಡಮು," ಅಂದರು.

ಬಿಸಿಲು ಏರುತ್ತಿತ್ತು. ಬಿಚ್ಚುವವರನ್ನು ಕರೆಸಿದರೆ ಒಂದು ದಿನ ಹೋಗುತ್ತಿತ್ತು. ನಾನು ನಕ್ಕು ಹೇಳಿದೆ: "ಬರದಾವ ನಿಮಗಿಂತ ಶಾಣ್ಯಾ ಇದ್ದ. ಅಕ್ಷರ ನೋಡ್ರಿ ಹ್ಯಾಂಗವ. ನೀವು ಬರದ್ರ ಇರಿವಿ ಹರದಾಡ್ದಂಗ ಇರ್ತದ."

ಅವರೂ ನಕ್ಕರು. ಕಾಸ್ಟಿಕ್ ಸೋಡಾ ದ್ರಾವಣ ಎಂದು ತಿರುಗಿ ಹೇಳಿ ಏರಿಸಿದರು.

ನಾಲ್ಕನೆಯ ದಿನ ಶಹಾಪುರದ ಗುಡ್ಡ ಇಳಿಯುವಾಗ ಹಿಂದೆ ಏನೋ ಬಿರಿದ ಸದ್ದಾಯಿತು. ಕನ್ನಡಿಯಲ್ಲಿ ನೋಡಿದರೆ ನೀಲಿ ಪೀಪಾಯಿಯ ಹೊಟ್ಟೆ ಸೀಳಿತ್ತು, ಅದರಿಂದ ಸುರಿದದ್ದು ತಾಗಿದಲ್ಲೆಲ್ಲ ಪಕ್ಕದ ಸೈನೈಡ್ ಪೀಪಾಯಿಗಳ ಕಬ್ಬಿಣ ನೊರೆಯೇಳುತ್ತಿತ್ತು. ಕಾಸ್ಟಿಕ್ ಸೋಡಾ ಕಬ್ಬಿಣಕ್ಕೆ ಹಾಗೆ ಮಾಡುವುದಿಲ್ಲ. ಹಳದಿ ಬಟ್ಟೆ ಕೆಳಗಿನ ಕುರಿಗಾರರ ಹಟ್ಟಿಯ ಕಡೆಗೆ ಹಾರುತ್ತಿತ್ತು. ಮುಖವಾಡಗಳು ಹತ್ತೇ ನಿಮಿಷ ತಾಳುವಂಥವು. ಅಂಬಾರಾಯರು ಗಾಡಿ ನಿಲ್ಲಿಸಿ, ನನ್ನ ಕೈಗೆ ಕೆಂಪು ಬಾವುಟ ಕೊಟ್ಟು, ಮೇಲಿನಿಂದ ಯಾರೂ ಇಳಿಯದಂತೆ ತಡೆಯಲು ಹೇಳಿದರು.

"ಗಾಳಿಗಿ ಎದರಾ ನಡಿ. ನಿಲ್ಲಬ್ಯಾಡ."

ಅಷ್ಟೇ. ಚೀಟಿಯ ಮಾತನ್ನು ಅವರು ಎತ್ತಲೇ ಇಲ್ಲ. ಹಟ್ಟಿಗೆ ಆ ವಿಷಗಾಳಿ ಹೋಗದಂತೆ ಗಾಡಿಯನ್ನು ಬಲಕ್ಕೆ ತಿರುಗಿಸಿ, ಮುಕ್ಕಾಲು ಮೈಲಿ ದೂರದ ಹಾಳು ಕಲ್ಲುಕ್ವಾರಿಯೊಳಕ್ಕೆ ಒಯ್ದರು. ನಿಧಾನಿ ಎಷ್ಟು ನಿಧಾನವೆಂದು ನನಗೆ ಅಂದು ತಿಳಿಯಿತು. ಹಟ್ಟಿಯಲ್ಲಿ ಹನ್ನೊಂದು ಮನೆಗಳಿದ್ದವು. ಒಂದು ಕುರಿಯೂ ಸಾಯಲಿಲ್ಲ. ಅಂಬಾರಾಯರು ಮಾತ್ರ ಕ್ವಾರಿಯಿಂದ ಜೀವಂತ ಬರಲಿಲ್ಲ.

ವಿಚಾರಣೆಯವರು ಆಮೇಲೆ ನಿಮ್ಮ ಚೀಟಿಯನ್ನು ಬಿಡಿಸಿದರು. ಕೆಳಗೆ ಇನ್ನೊಂದು ಚೀಟಿ ಇತ್ತು, ಅದರಲ್ಲಿ ಆ್ಯಸಿಡ್ ಎಂದು ಅಚ್ಚಾಗಿತ್ತು.

ಬಹಳ ದಿನ ನಿಮ್ಮ ಮೇಲೆ ಸಿಟ್ಟಿತ್ತು. ಈಗ ಅಷ್ಟಿಲ್ಲ. ಹೊರೆ ಹೊರಡುವುದು ತಡವಾದಾಗ ಚಾಲಕನ ಮೇಲೆ ಯಾರು ಯಾರು ರೇಗುತ್ತಾರೆಂದು ನನಗೆ ಗೊತ್ತು. ಸಾಗಣೆಯ ಕಾಗದದಲ್ಲಿದ್ದಂತೆ ಬರೆದುಬಿಡು ಎಂದು ಯಾರೋ ಪೆನ್ನು ಕೊಟ್ಟಿರಬಹುದು. ಎರಡು ದಿನದಿಂದ ಮನೆಗೆ ಹೋಗಿರದ ನೀವು, ಒಂದು ಪೀಪಾಯಿಯಿಂದ ಏನಾದೀತು ಎಂದುಕೊಂಡು ಬರೆದಿರಬಹುದು. ನಿಮ್ಮ ಪ್ರಯಾಣ ಸುರಕ್ಷಿತವಾಗಿಯೇ ಮುಗಿದಿರುತ್ತದೆ. ನನ್ನ ತಪ್ಪೂ ಇದೆ. ಬಿಚ್ಚಿ ನೋಡೋಣ ಎಂದವರನ್ನು ತಡೆದವಳು ನಾನು. ಇದನ್ನು ವಿಚಾರಣೆಯಲ್ಲಿ ಹೇಳಿದ್ದೇನೆ. ಮಗಳು ಸುಗಲಾಗೂ ಹೇಳಿದೆ. ಅವಳು ಎದ್ದು ಹೋಗಿ ಬಿಚ್ಚುವವರ ತಂಡ ಸೇರಿದಳು.

ಆ ಬಯಲಿನಲ್ಲಿ ನಿಮ್ಮ ಅಕ್ಷರದ ಇನ್ನೂ ನಲವತ್ತು ಪೀಪಾಯಿಗಳಿವೆ. ಯಾವುದು ನಿಜ, ಯಾವುದು ಅಲ್ಲ ಎಂದು ಯಾರಿಗೂ ತಿಳಿಯದು. ಅವುಗಳ ಪ್ಲಾಸ್ಟಿಕ್ ಹಪ್ಪಳದಂತಾಗಿದೆ, ಅಲ್ಲೇ ಬಿಡುವಂತೆಯೂ ಇಲ್ಲ. ಎಲ್ಲವನ್ನೂ ಬಿಚ್ಚಬೇಕು. ತೊಡುವ ಬಟ್ಟೆ, ಮುಚ್ಚಳ ತಿರುಗಿಸುವ ಬಗೆ, ಪಕ್ಕದಲ್ಲಿಡುವ ಪುಡಿ, ಇವೆಲ್ಲ ಒಳಗಿರುವುದು ಏನೆಂಬುದರ ಮೇಲೆ ನಿಂತಿವೆ.

ಆಗಿಹೋದದ್ದನ್ನು ತಿದ್ದಿ ಎಂದು ಕೇಳುತ್ತಿಲ್ಲ. ಆದರೆ ನೀವು ಇನ್ನೂ ಆ ಅಂಗಳದಲ್ಲಿ ಪೆನ್ನು ಹಿಡಿದು ನಿಂತಿದ್ದರೆ, ಗೊತ್ತಿದ್ದದ್ದನ್ನು ಬರೆಯಿರಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದು ಬರೆಯಿರಿ. ಅದರಿಂದ ನಿಮಗೆ ಅವಮಾನವಿಲ್ಲ. ಚೀಟಿಯಲ್ಲಿ ಆ ಮಾತು ಇದ್ದಿದ್ದರೆ ನಾನು ಅಂದು ನಗುತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ಸುಗಲಾ ಮೊದಲನೆಯ ಪೀಪಾಯಿಗೆ ಕೈ ಹಚ್ಚುತ್ತಾಳೆ. ಅವಳಿಗೆ ಚೀಟಿ ಓದಿ ಹೇಳುವವಳು ನಾನು.

ಜಗದೇವಿ