ಸಾಕ್ಷಿ: ಸೊನ್ನೆ

ಮಾರ್ಚ್ ೪, ಬೆಳಿಗ್ಗೆ

ಅದೇ ಕುರ್ಚಿ, ಅದೇ ಆರಿದ ಕಾಫಿ. ಕೊನೆಯ ಲೆಮ್ಮಾ, ಅಂದರೆ ಗಣಿತದ ಪ್ರೂಫಿನ ಕೊನೆಯ ಮೆಟ್ಟಿಲು, ಮುಗಿಯಿತು. ಪರದೆ ಪೂರ್ತಿ ಹಸಿರು, ತಪ್ಪೊಂದೂ ಇಲ್ಲ. ಖುಷಿಯಾಗಬೇಕಿತ್ತು. ಎದ್ದು ಕಿಟಕಿ ತೆರೆದೆ, ಮುಚ್ಚಿದೆ, ಮತ್ತೆ ಕೂತೆ.

ಅಕ್ಕನ ಫೋನ್. ನಾಳಿದ್ದು ಅವಳ ಸೊಂಟದ ಆಪರೇಷನ್. ಭಯವನ್ನು ತಮಾಷೆಯಲ್ಲಿ ಸುತ್ತಿ ಕೊಡುವುದು ಅವಳ ಅಭ್ಯಾಸ. “ಎಷ್ಟು ವರ್ಷದಿಂದ ಕೇಳ್ತಿದ್ದೀನಿ, ಆಫೀಸಲ್ಲಿ ನೀನು ಮಾಡೋದೇನು ಅಂತ. ಕತ್ತರಿ ಹಾಕೋಕೆ ಮುಂಚೆ ಹೇಳಿಬಿಡೇ.”

ಹೇಳಿದೆ. ನೋವಿನ ಪಂಪು. ರೋಗಿಯ ಕೈಯಲ್ಲೊಂದು ಗುಂಡಿ. ಒತ್ತಿದರೆ ಯಂತ್ರ ಒಂದಿಷ್ಟು ಔಷಧಿ ಬಿಡುತ್ತದೆ. ಗಂಟೆಗೆ ಇಷ್ಟೇ ಎಂಬ ಮಿತಿ ಇದೆ. ಮೀರಿದರೆ ಉಸಿರು ನಿಲ್ಲಬಹುದು. ಅದಕ್ಕೇ ನಾವು ನೇರವಾಗಿ ಪ್ರೋಗ್ರಾಂ ಬರೆಯುವುದಿಲ್ಲ. ‘ಯಾವ ಸ್ಥಿತಿಯಲ್ಲೂ ಮಿತಿ ಮೀರದ ಒಂದು ಡೋಸ್ ಇದೆ’ ಎಂದು ಗಣಿತದಲ್ಲಿ ಸಾಧಿಸುತ್ತೇವೆ. ಬರೀ ‘ಇದೆ’ ಅಂದರೆ ಸಾಲದು. ಪ್ರತಿ ಸಂದರ್ಭಕ್ಕೂ ‘ಇಗೋ, ಇದು’ ಎಂದು ತೋರಿಸಬೇಕು. ತೋರಿಸಿದ್ದಕ್ಕೆ ಸಾಕ್ಷಿ ಎಂದು ಹೆಸರು. ಆ ಸಾಕ್ಷಿಗಳನ್ನೆಲ್ಲ ಕಂಪ್ಯೂಟರ್ ಹೆಕ್ಕಿ ಪ್ರೋಗ್ರಾಂ ಮಾಡಿಕೊಡುತ್ತದೆ. ಪ್ರೂಫ್ ಸರಿಯಿದ್ದರೆ ಪ್ರೋಗ್ರಾಂ ಆ ಮಾತಿಗೆ ತಪ್ಪುವಂತಿಲ್ಲ.

ಅಕ್ಕ ಅದನ್ನು ತನ್ನ ಭಾಷೆಗೆ ಇಳಿಸಿಕೊಂಡಳು. “ಅಂದ್ರೆ ಯಾವತ್ತೂ ತಪ್ಪೇ ಮಾಡಲ್ಲ. ನಮ್ಮತ್ತೆ ಥರ.”

ಮಾರ್ಚ್ ೫

ಪ್ರಾಜೆಕ್ಟಿನ ಯಜಮಾನರಿಗೆ ನಾವಿಟ್ಟ ಹೆಸರು ‘ತುರ್ತು’. ಇಪ್ಪತ್ತನೇ ತಾರೀಖು ಪಂಪು ವಾರ್ಡುಗಳಿಗೆ ಟ್ರಯಲ್‌ಗೆ ಹೋಗಬೇಕಂತೆ. ನನ್ನ ಸಹಿಯೊಂದು ಬಾಕಿ. ನಾಳೆ ಮಾಡುತ್ತೇನೆ ಅಂದೆ. ಯಾಕೆ ಹಾಗಂದೆನೋ.

ಸಂಜೆ ಕವಿತೆ ಪುಸ್ತಕ ಹಿಡಿದೆ. ಒಂದೇ ಸಾಲಿನ ಸುತ್ತ ನೊಣದ ಹಾಗೆ ಸುತ್ತಿದೆ. ಒಳಗೆ ಹೋಗಲಾಗಲಿಲ್ಲ.

ಮಾರ್ಚ್ ೭, ಸಂಜೆ, ಆಸ್ಪತ್ರೆಯ ಕಾರಿಡಾರ್

ಆಪರೇಷನ್ ಚೆನ್ನಾಗಿ ಆಯಿತು. ಅಕ್ಕನ ಮಂಚದ ಪಕ್ಕ ನೋವಿನ ಪಂಪು — ನಮ್ಮದಲ್ಲ, ಬೇರೆ ಕಂಪನಿಯದು. ಮಧ್ಯಾಹ್ನ ಬ್ಯಾಟರಿ ಬದಲಾಯಿಸಿದರಂತೆ. ಆಮೇಲೆ ಶುರುವಾಯಿತು. ನಾನು ಹೋದಾಗ ಕೆಳತುಟಿ ಕಚ್ಚಿ ಮಲಗಿದ್ದಳು. ಹಣೆಯ ಕೂದಲು ಬೆವರಿಗೆ ಅಂಟಿಕೊಂಡಿತ್ತು.

“ಒತ್ತಿದ್ರೆ ಪೀಂ ಅನ್ನುತ್ತೆ. ಕೊಡಲ್ಲ. ಇಲ್ಲ ಅಂತಾನೂ ಹೇಳಲ್ಲ.”

ನರ್ಸ್ ಎರಡು ಸಲ ಫೋನ್ ಮಾಡಿದಳು. ಟೆಕ್ನಿಷಿಯನ್ ಬಂದು ಏನೋ ಒತ್ತಿ ಸರಿಮಾಡಿದ. ಯಂತ್ರ ಕೆಟ್ಟಿರಲಿಲ್ಲವಂತೆ. ಬ್ಯಾಟರಿ ತೆಗೆದಾಗ ಹಿಂದೆ ಎಷ್ಟು ಕೊಟ್ಟಿದ್ದೆ ಎಂಬುದು ಅದಕ್ಕೆ ಮರೆತುಹೋಗುತ್ತದೆ. ಗೊತ್ತಿಲ್ಲದಿದ್ದರೆ ಕೊಡುವುದಿಲ್ಲ. “ಸೇಫ್ಟಿ ಮೇಡಂ,” ಅಂದ.

ಅಕ್ಕ ಈಗ ನಿದ್ದೆ. ನಾನು ಕೂತಲ್ಲಿ ಕೂರಲಾರೆ. ನಮ್ಮದು? ನಮ್ಮದಕ್ಕೆ ಬ್ಯಾಟರಿ ತೆಗೆದರೆ —

ಮಾರ್ಚ್ ೮

ನೋಡಿದೆ. ಆರನೆಯ ಲೆಮ್ಮಾ. ಸಂದರ್ಭ: ದಾಖಲೆಯಲ್ಲಿ ಕಂಡಿ, ಅಂದರೆ ಹಿಂದೆ ಎಷ್ಟು ಕೊಟ್ಟಿದೆ ಎಂಬುದು ಅಳಿಸಿಹೋಗಿದೆ. ಸಾಕ್ಷಿ: ಸೊನ್ನೆ.

ನನ್ನದೇ ಸಾಲು. ಸೊನ್ನೆ ಯಾವ ಮಿತಿಯನ್ನೂ ಮೀರುವುದಿಲ್ಲವಲ್ಲ. ಟಿಕ್ ಬಿದ್ದಿದೆ, ಮುಂದಕ್ಕೆ ಹೋಗಿದ್ದೇನೆ. ಹೆಕ್ಕಿದ ಪ್ರೋಗ್ರಾಂ ಓಡಿಸಿದೆ. ಬ್ಯಾಟರಿ ತೆಗೆದು ಹಾಕಿದ ಹಾಗೆ ಮಾಡಿ ಗುಂಡಿ ಒತ್ತಿದೆ. ಸೊನ್ನೆ. ಅರ್ಧ ದಿನ ಕಳೆದಂತೆ ಮಾಡಿ ಒತ್ತಿದೆ. ಸೊನ್ನೆ. ದಾಖಲೆಯ ಕಂಡಿ ಮುಚ್ಚುವುದಿಲ್ಲ; ಸೊನ್ನೆಯೂ ಮುಗಿಯುವುದಿಲ್ಲ.

ನಮ್ಮ ಪ್ರಮೇಯವನ್ನು ಮತ್ತೆ ಓದಿದೆ. ಹೆಚ್ಚು ಕೊಡಬಾರದು ಅನ್ನುತ್ತದೆ. ಕೊಡಬೇಕು ಎಂದು ಎಲ್ಲೂ ಇಲ್ಲ. ಕವಿತೆಯಲ್ಲಿ ಬಿಟ್ಟ ಮಾತನ್ನು ಓದುಗ ತುಂಬಿಕೊಳ್ಳುತ್ತಾನೆ. ಇಲ್ಲಿ ಅದು ಮಂಚದ ಮೇಲೆ ಮಲಗಿದವರ ಪಾಲಿಗೆ ಬರುತ್ತದೆ.

ಊಟಕ್ಕೆ ಕೂತಾಗ ಇವರಿಗೆ ಹೇಳಿದೆ. “ಒಟ್ನಲ್ಲಿ ಸೊನ್ನೆ ಕೊಡೋಕೆ ನಿನಗೆ ಸಂಬಳ,” ಅಂದರು. ಇಬ್ಬರೂ ನಕ್ಕೆವು. ಅಕ್ಕನ ತುಟಿ ನೆನಪಾಯಿತು. ತಟ್ಟೆ ಎತ್ತಿಟ್ಟೆ.

ಮಾರ್ಚ್ ೯

ತುರ್ತುವಿನ ಕ್ಯಾಬಿನ್. ಬಾಗಿಲು ಹಾಕಿಯೇ ಮಾತು.

“ಪ್ರೂಫ್ ತಪ್ಪಾಗಿದೆಯಾ ಮೇಡಂ?”

“ಪ್ರೂಫ್ ಸರಿ ಇದೆ ಸಾರ್. ನಾವು ಕೇಳಿದ ಪ್ರಶ್ನೆ ಸಾಲದು.”

“ಯಾರೂ ಸಾಯಲ್ಲ ತಾನೇ?”

“ಸಾಯಲ್ಲ. ನರಳ್ತಾರೆ.”

ಪೆನ್ನನ್ನು ಮೇಜಿನ ಮೇಲೆ ಗಿರಗಿರ ತಿರುಗಿಸಿದರು. ಕೈಪಿಡಿಯಲ್ಲಿ ಒಂದು ಸೂಚನೆ ಹಾಕಿದರಾಯಿತು, ನರ್ಸ್ ರೀಸೆಟ್ ಮಾಡುತ್ತಾರೆ, ಎಲ್ಲ ಕಂಪನಿಯವರೂ ಹಾಗೇ ಮಾಡುವುದು ಎಂದೆಲ್ಲ ಹೇಳಿದರು. ನಾನು ಸಹಿ ಮಾಡುವುದಿಲ್ಲ ಅಂದೆ. ಸ್ವರ ಸಣ್ಣಗೆ ಬಂತು. ಆದರೆ ಬಂತು. ಹದಿನೆಂಟರವರೆಗೆ ಟೈಮ್. ಅಷ್ಟರಲ್ಲಿ ಆಗದಿದ್ದರೆ ಬೇರೆಯವರ ಸಹಿ ಹಾಕಿಸಿ ಇದನ್ನೇ ಕಳಿಸುತ್ತಾರೆ.

ಮಾರ್ಚ್ ೧೨

ಪ್ರಮೇಯಕ್ಕೆ ಇನ್ನೊಂದು ಮಾತು ಸೇರಿಸಿದೆ: ಗುಂಡಿ ಒತ್ತಿದಾಗ ಕೊಡುವುದು ಸುರಕ್ಷಿತವಾಗಿದ್ದರೆ, ಕೊಡಲೇಬೇಕು. ಹಸಿರೆಲ್ಲ ಕೆಂಪಾಯಿತು. ತಿಂಗಳುಗಟ್ಟಲೆ ಮಾಡಿದ್ದು ನೀರಲ್ಲಿ ಹೋಮ.

ಒಂದೊಂದೇ ಸಂದರ್ಭ ಸರಿಮಾಡುತ್ತ ಬಂದೆ. ಉಳಿದದ್ದು ಕಂಡಿ ಮಾತ್ರ. ಎಷ್ಟು ಕೊಟ್ಟಿದೆ ಗೊತ್ತಿಲ್ಲ. ಈಗ ಕೊಟ್ಟರೆ ಮಿತಿ ಮೀರಬಹುದು. ಕೊಡದಿದ್ದರೆ ಮತ್ತದೇ ಸೊನ್ನೆ. ಅತ್ತ ದರಿ, ಇತ್ತ ಪುಲಿ. ಅಡುಗೆಮನೆಗೆ ಹೋಗಿ ಯಾಕೆ ಬಂದೆನೆಂದು ಮರೆತು ವಾಪಸು ಬಂದೆ. ಎರಡು ಸಲ.

ಮಾರ್ಚ್ ೧೫, ಅಕ್ಕನ ಮನೆಯಿಂದ ಬಂದು

ವಾಕರ್ ಹಿಡಿದು ಬಾಗಿಲಿನವರೆಗೆ ನಡೆದು ಬಂದಳು. ಮಗು ಹೊಸಿಲು ದಾಟಿದಂತೆ ಮೆರೆದಳು. ನಾನು ಸಪ್ಪಗಿರುವುದು ನೋಡಿ, ಆಪರೇಷನ್ ಆದದ್ದು ನಿನಗೋ ನನಗೋ ಎಂದು ಕೇಳಿದಳು.

ಆ ಮಧ್ಯಾಹ್ನದ ಮಾತು ಬಂತು. ನೋವಿಗಿಂತ ಬೇರೆ ಏನೋ ಇತ್ತಂತೆ. ವಾಕರಿನ ಹಿಡಿ ಸವರುತ್ತ ಹೇಳಿದಳು:

“ಕಾಯೋಕೆ ನಾನು ತಯಾರಿದ್ದೆ ಕಣೇ. ಎಲ್ಲಿವರೆಗೆ ಅಂತ ಗೊತ್ತಿಲ್ಲದೆ ಕಾಯೋದೇ ಆಗ್ಲಿಲ್ಲ.”

ಬಸ್ಸಿನಲ್ಲಿ ಅರ್ಧ ದಾರಿ ಬಂದಮೇಲೆ ತಟ್ಟನೆ ಹೊಳೆಯಿತು. ಗೊತ್ತಿಲ್ಲದ್ದನ್ನು ಗೊತ್ತುಮಾಡಿಕೊಳ್ಳಬೇಕಾಗಿಲ್ಲ. ಅತಿ ಕೆಟ್ಟದ್ದೇ ಆಗಿದೆ ಎಂದುಕೊಳ್ಳೋಣ — ಬ್ಯಾಟರಿ ತೆಗೆಯುವ ಕ್ಷಣದಲ್ಲೇ ಗಂಟೆಯ ಪೂರ್ತಿ ಔಷಧಿ ಹೋಗಿದೆ. ಹೋಗಿರಲಿ. ಪಂಪು ಮತ್ತೆ ಚಾಲೂ ಆದ ಮೇಲೆ ಒಂದು ಗಂಟೆ ಕಳೆದರೆ ಆ ಕೆಟ್ಟದ್ದರ ಲೆಕ್ಕವೂ ತೀರುತ್ತದೆ. ಆಮೇಲೆ ಕೊಡಬಹುದು. ಕೊಡಲೇಬೇಕು. ಅಲ್ಲಿಯವರೆಗೆ ಇನ್ನೆಷ್ಟು ನಿಮಿಷ ಎಂದು ಪರದೆಯ ಮೇಲೆ ತೋರಿಸುವುದು.

ಇಳಿಯುವ ಸ್ಟಾಪ್ ದಾಟಿಹೋಯಿತು.

ಮಾರ್ಚ್ ೧೭

ಹಸಿರು. ಕಿಟಕಿ ತೆರೆದೆ. ಮುಚ್ಚಲಿಲ್ಲ.

ತುರ್ತು ಬಂದು ಪರದೆ ನೋಡಿದರು. ಹೊಗಳಲಿಲ್ಲ. ಪ್ರೂಫ್ ಕಾಗದದ ಮೇಲೆ ಚೆಂದ, ನಾಳೆ ನಿಜವಾದ ಪಂಪಿನಲ್ಲಿ ತೋರಿಸಿ, ಆಮೇಲೆ ಇದನ್ನು ಕಳಿಸೋಣ ಅಂದರು.

ಮಾರ್ಚ್ ೧೮, ಮಧ್ಯಾಹ್ನ, ಲ್ಯಾಬ್

ಬ್ಯಾಟರಿ ತೆಗೆದು ಹಾಕಿದ್ದಾಯಿತು. ಪರದೆಯ ಮೇಲೆ ನಿಮಿಷಗಳು ಇಳಿಯುತ್ತಿವೆ. ಔಷಧಿಯ ಬದಲು ನೀರು. ಕೊಳವೆಯ ತುದಿ ಗಾಜಿನ ಬಟ್ಟಲಿನ ಮೇಲೆ. ನಡುವೆ ಒಮ್ಮೆ ತುರ್ತು ತಾವೇ ಒತ್ತಿ ನೋಡಿದರು. ಪೀಂ. ‘ಇನ್ನೂ ಇಪ್ಪತ್ತೆರಡು ನಿಮಿಷ.’ ತಲೆಯಾಡಿಸಿ ಕೂತರು. ಅವರು ಸುಮ್ಮನೆ ಕೂತದ್ದು ಇವತ್ತೇ ಕಂಡದ್ದು.

ಮೇಜಿನ ಮೇಲೆ ಫೋನು. ಆ ಕಡೆ ಅಕ್ಕ. ಕೇಳಿಸಿಕೊಳ್ಳಲೇಬೇಕಂತೆ.

ಗಂಟೆ ಆಯಿತು. ಒತ್ತಲು ನನ್ನನ್ನೇ ಕರೆದರು. ಪ್ರೂಫ್ ಇದೆ, ಪ್ರತಿ ಸಾಲೂ ಗೊತ್ತು. ಆದರೂ ಬೆರಳು ತಣ್ಣಗೆ.

ಒತ್ತಿ ಬಂದು ಬರೆಯುತ್ತಿದ್ದೇನೆ. ಪೀಂ ಅನ್ನಲಿಲ್ಲ. “ಏನಾಯ್ತೇ?” ಅಕ್ಕನ ದನಿ. ಎಲ್ಲರ ಕಣ್ಣೂ ಕೊಳವೆಯ ಮೇಲೆ. ಮೋಟಾರು ಗುರ್ರ್ ಅಂತಿದೆ. ಕೊಳವೆಯ ತುದಿಯಲ್ಲಿ ಏನೋ ಹೊಳೆಯಿತು. ಹನಿ. ದಪ್ಪವಾಗುತ್ತಿದೆ. ಇನ್ನೂ ಬಿದ್ದಿಲ್ಲ. ಈಗ —